ಇಂಟರ್‌ಲಾಕ್ ಅಂಗಳದಲ್ಲಿ ಹೂ ಹುಡುಕುವ ಮಕ್ಕಳು

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ನಮ್ಮ ಮಕ್ಕಳಿಗೆ ಹೂವಿನದೇ ಚಿಂತೆ. ಹಿಂದೆಲ್ಲ ಗುಡ್ಡ, ತೋಡಿನ ಬದಿ, ಗದ್ದೆಯ ಹುಣಿ ಸುತ್ತಿ ರಥಪುಷ್ಪ, ಕೇಪಳ, ನೆಕ್ಕರೆ, ಗೌರಿ ಹೂ ಕೊಯ್ದು ಬುಟ್ಟಿ ತುಂಬಿಸಿಕೊಂಡು ಇಗರ್ಜಿಗೆ ಬರುತ್ತಿದ್ದರು. ಈಗ ಹಲವು ಮನೆಗಳಲ್ಲಿ ಹಿಂದಿನ ಸಂಜೆಯೇ ಪೇಟೆಯಿಂದ ಸೇವಂತಿಗೆ ಬರುತ್ತದೆ. ಮಕ್ಕಳಿಗೆ ಸೋಮಾರಿತನ ಎಂದು ದೂರುವ ಮೊದಲು ನಮ್ಮ ಅಂಗಳಗಳನ್ನೊಮ್ಮೆ ನೋಡೋಣ.

ಅಂಗಳಕ್ಕೆ ಇಂಟರ್‌ಲಾಕ್, ಬದಿಯಲ್ಲಿ ಹುಲ್ಲುಹಾಸು, ಸಾಲಾಗಿ ಕ್ರೋಟನ್ ಗಿಡ. ನರ್ಸರಿಯಿಂದ ತಂದ ದುಂಡು ದಾಸವಾಳದಲ್ಲಿ ಎಸಳುಗಳ ರಾಶಿ ಇದೆ, ಜೇನಿಗೆ ಒಳಹೋಗಲು ದಾರಿಯಿಲ್ಲ. ಮಲ್ಲಿಗೆಯನ್ನಾದರೋ ಅರಳುವ ಮೊದಲೇ ಮೊಗ್ಗಿನಲ್ಲಿ ಕೊಯ್ಯುತ್ತೇವೆ. ತೋಟ ನೋಡಲು ಚಂದ, ಆದರೆ ಕೀಟಗಳ ಪಾಲಿಗೆ ಅದು ಊಟವಿಲ್ಲದ ಮದುವೆಮನೆ!

ಚಿಟ್ಟೆ ಬೇಕು, ಹುಳ ಬೇಡ ಎಂಬುದು ನಮ್ಮ ಇನ್ನೊಂದು ವಿಚಿತ್ರ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳವನ್ನು ಕಂಡ ಕೂಡಲೇ ಮದ್ದು ಹೊಡೆಯುತ್ತೇವೆ. ಅದೇ ಮುಂದೆ ಕಪ್ಪು ರೆಕ್ಕೆಯ ಮಾರ್ಮನ್ ಚಿಟ್ಟೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯಂಥ ಕೆಲವೇ ಬಳ್ಳಿಗಳ ಮೇಲೆ. ಬಳ್ಳಿ ಕಡಿದರೆ ಎಷ್ಟು ಹೂ ನೆಟ್ಟರೂ ಅದರ ಸಂತತಿ ಉಳಿಯದು. ಮೂಡುಬಿದಿರೆ ಸಮೀಪದ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋಗಿ ಬಂದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಇದು ಬರೇ ಅಂದಚಂದದ ಮಾತಲ್ಲ. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬೆಳಿಗ್ಗೆ ಅರಳಿದ ಹೂವಿಗೆ ಜೇನು ಬಾರದಿದ್ದರೆ ಎಳೆಕಾಯಿ ಹಳದಿಯಾಗಿ ಉದುರುತ್ತದೆ. 'ಗೊಬ್ಬರ ಸಾಲದು' ಎಂದುಕೊಂಡು ನಾವು ಇನ್ನಷ್ಟು ಗೊಬ್ಬರ ಸುರಿಯುತ್ತೇವೆ. ಹಾಗಲ, ಗೇರು, ಬದನೆ ಎಲ್ಲಕ್ಕೂ ಈ ಕೂಲಿಯಿಲ್ಲದ ಕೆಲಸಗಾರರು ಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿದ್ದನ್ನು ಹಿರಿಯ ಕೃಷಿಕರು ಮರೆತಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಮನುಷ್ಯರನ್ನೇ ಬಿಡಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರಲ್ಲಿ. ಇಷ್ಟೆಲ್ಲ ಕಂಡ ಮೇಲೂ ಅಂಗಡಿಯಲ್ಲಿ ಕಳೆನಾಶಕದ ಬಾಟಲಿ ಕೇಳುವಾಗ ನಮ್ಮ ಕೈ ನಡುಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಹೆಚ್ಚು ಹಣ ಬೇಡ, ಸ್ವಲ್ಪ ಉದಾಸೀನ ಸಾಕು. ಹಿತ್ತಿಲಿನ ಒಂದು ಮೂಲೆಯನ್ನು ತುಂಬೆ, ಕೇಪಳ, ಎಕ್ಕಕ್ಕೆ ಬಿಡಿ. ನಿಂಬೆ, ಕರಿಬೇವು ಇರಲಿ, ನಾಲ್ಕು ಎಲೆ ಹುಳ ತಿಂದರೆ ತಿನ್ನಲಿ. ಒಣಮರದ ಒಂದು ತುಂಡನ್ನು ಉರಿಸದೆ ಇಟ್ಟರೆ ಬಡಗಿ ದುಂಬಿ ಅದರಲ್ಲಿ ತೂತು ಕೊರೆದು ಮನೆ ಮಾಡುತ್ತದೆ. ಮುಜಂಟಿ ಜೇನಿಗೆ ಹಳೆಯ ಮುರಕಲ್ಲಿನ ಗೋಡೆಯ ಸಂದಿಯೇ ಅರಮನೆ. ಸಿಮೆಂಟು ಮೆತ್ತಿ ಮುಚ್ಚುವ ಮೊದಲು ಒಳಗೆ ಯಾರಿದ್ದಾರೆಂದು ನೋಡಿ. ಮಣ್ಣಿನಲ್ಲೇ ಗೂಡು ಕಟ್ಟುವ ಒಂಟಿ ಜೇನುಗಳೂ ಇವೆ, ಅವುಗಳಿಗೆ ಒಂದಡಿ ಬರಿ ನೆಲ ಬೇಕು.

ಸೊಳ್ಳೆ, ಹಾವಿನ ಭಯ ಹೇಳುವವರಿದ್ದಾರೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ತಮಾಷೆಯಲ್ಲ. ಆದರೆ ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ತುಂಬೆ ಗಿಡದಲ್ಲಲ್ಲ. ಕೀಟಗಳಿಗೆಂದು ಇಟ್ಟ ನೀರಿನ ತಟ್ಟೆಯನ್ನು ದಿನಾ ಚೆಲ್ಲಿ ತುಂಬಿಸಿದರಾಯಿತು. ಪೊದೆ ಮನೆಬಾಗಿಲಿನಿಂದ ದೂರವಿರಲಿ, ಓಡಾಡುವ ದಾರಿ ಸ್ವಚ್ಛವಿರಲಿ.

ಇನ್ನು ನಮ್ಮ ಸ್ಮಶಾನಗಳು. ನವೆಂಬರ್ 2ರ ಮೃತರ ದಿನಕ್ಕೆಂದು ಅಕ್ಟೋಬರ್ ಕೊನೆಯಲ್ಲಿ ಕೆಲವೆಡೆ ಕಳೆನಾಶಕ ಸಿಂಪಡಿಸುವುದುಂಟು. ಮಳೆ ಬಿಟ್ಟು ತುಂಬೆ ಹೂವಾಗಿ ಜೇನು ಮುತ್ತುವ ಹೊತ್ತೇ ಅದು. ಸಮಾಧಿಗಳ ಸುತ್ತ ಮತ್ತು ದಾರಿಯಲ್ಲಿ ಕತ್ತಿಯಿಂದ ಸವರಿ, ಗೋಡೆಯ ಬದಿಯ ಎರಡು ಮಾರು ಹಾಗೇ ಬಿಡಬಹುದು. ವಾಳೆಯ ಹತ್ತು ಜನ ಬಂದರೆ ಒಂದು ಬೆಳಗಿನ ಕೆಲಸ. ಈ ಸಲದ ಪಾಲನಾ ಪರಿಷತ್ತಿನ ಸಭೆಯಲ್ಲಿ ಮದ್ದಿನ ಖರ್ಚಿನ ಪಟ್ಟಿ ಬಂದಾಗ ಯಾರಾದರೊಬ್ಬರು ಎದ್ದು ಇದನ್ನು ಕೇಳಲಿ.