ಕರೆಂಟ್ ಫ್ರೀ ಉಂಟು, ಅಲ್ಲಿಗೆ ಹೋಗುವ ದಾರಿ ಯಾರದ್ದು?



ಪೋಸ್ಟ್ ಸ್ವಲ್ಪ ಉದ್ದ ಉಂಟು. ಆದ್ರೂ ಪೂರ್ತಿ ಓದಿ. ಪುತ್ತೂರು, ಸುಳ್ಯ, ಕಡಬದ ನಮ್ಮ ಕಾಲೊನಿಗಳ ಹೆಂಗಸರ ಜೀವದ ವಿಷಯ ಇದು. ಸ್ತನ ಕ್ಯಾನ್ಸರಿಗೆ ಆಪರೇಶನ್ ಆದ ಮೇಲೆ ಕೊಡುವ ರೇಡಿಯೇಶನ್, ನಮ್ಮವರ ಬಾಯಲ್ಲಿ "ಕರೆಂಟ್ ಕೊಡುದು", ಅದರ ಬಗ್ಗೆ ಬರೀತಿದ್ದೇನೆ.

ನಾವು ಸಂಘಟನೆಯವರು ಡಿಸಿ ಮನ್ನಾ ಭೂಮಿಗಾಗಿ ಧರಣಿ ಕೂತಿದ್ದೇವೆ. ದೌರ್ಜನ್ಯ ಕೇಸಲ್ಲಿ ಎಫ್‌ಐಆರ್ ಆಗ್ಲಿಲ್ಲ ಅಂತ ಠಾಣೆ ಮುಂದೆ ನಿಂತಿದ್ದೇವೆ. ಆದ್ರೆ ಕಾಲೊನಿಯ ಒಬ್ಬ ಹೆಂಗಸಿಗೆ ಕ್ಯಾನ್ಸರ್ ಅಂತ ಗೊತ್ತಾದ್ರೆ "ಪಾಪ, ಅವರ ಹಣೆಬರಹ" ಅಂತ ಹೇಳಿ ಮನೆಗೆ ಹೋಗ್ತೇವೆ. ಹಣೆಬರಹ ಅನ್ನುವ ಮಾತನ್ನು ಬಾಬಾಸಾಹೇಬರ ಫೋಟೋ ಇಟ್ಟುಕೊಂಡವರು ಹೇಳಬಾರದು. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹಣೆಬರಹದಿಂದ ಅಲ್ಲ, ದಾರಿಯಿಂದ, ದಿನಗೂಲಿಯಿಂದ, ಯಾರೂ ಬಿಡಿಸಿ ಹೇಳದೆ ಇದ್ದದ್ದರಿಂದ. ಈ ಮೂರನ್ನೂ ಸರಿ ಮಾಡ್ಲಿಕ್ಕೆ ಆಗ್ತದೆ.

ಮೊದಲು "ಹರಡಿದೆ" ಅನ್ನುವ ಶಬ್ದದ ಬಗ್ಗೆ. ಡಾಕ್ಟ್ರು "ಹರಡಿದೆ" ಅಂದ ಕೂಡ್ಲೆ ಮನೆಯವರು "ಇನ್ನು ಎಂತ ಮಾಡಿಯೂ ಪ್ರಯೋಜನ ಇಲ್ಲ" ಅಂತ ತೀರ್ಮಾನ ಮಾಡ್ತಾರೆ. ಆದ್ರೆ ಹರಡುವುದರಲ್ಲಿ ಎರಡು ಉಂಟು. ಕಂಕುಳಿನ ಗಂಟುಗಳಿಗೆ ಹರಡುವುದು ಒಂದು. ಎಲುಬು, ಶ್ವಾಸಕೋಶ, ಯಕೃತ್ತು, ಮೆದುಳು ಹೀಗೆ ದೂರದ ಅಂಗಕ್ಕೆ ಹರಡುವುದು ಇನ್ನೊಂದು. ಎರಡನೆಯದನ್ನೇ ನಾಲ್ಕನೇ ಹಂತ ಅನ್ನುವುದು. ಕಂಕುಳಿಗೆ ಮಾತ್ರ ಹರಡಿದ್ದರೆ ಅದು ನಾಲ್ಕನೇ ಹಂತ ಅಲ್ಲ, ಗುಣ ಮಾಡಬೇಕು ಅಂತಲೇ ಡಾಕ್ಟ್ರು ಚಿಕಿತ್ಸೆ ಕೊಡುವುದು.

ಅಲ್ಲಿ ರೇಡಿಯೇಶನ್ನಿನ ಕೆಲಸ ದೊಡ್ಡದು. ಆಪರೇಶನ್ನಿನಲ್ಲಿ ಗಂಟು ತೆಗೆದ ಮೇಲೂ ಕಣ್ಣಿಗೆ, ಸ್ಕ್ಯಾನಿಗೆ ಕಾಣದ ಕಣಗಳು ಎದೆಯ ಗೋಡೆಯಲ್ಲಿ, ಕಂಕುಳಲ್ಲಿ ಉಳಿದಿರಬಹುದು. ಅದನ್ನು ಸುಡುವುದೇ ರೇಡಿಯೇಶನ್. ಪೂರ್ತಿ ಸ್ತನ ತೆಗೆಯದೆ ಗಂಟು ಮಾತ್ರ ತೆಗೆದವರಲ್ಲಿ, ಮುಂದಿನ 10 ವರ್ಷದಲ್ಲಿ ಕಾಯಿಲೆ ತಿರುಗಿ ಬರುವ ಸಾಧ್ಯತೆಯನ್ನು ರೇಡಿಯೇಶನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸ್ತದೆ ಅಂತ 2011ರಲ್ಲಿ ಬಂದ ದೊಡ್ಡ ಲೆಕ್ಕಾಚಾರ ಹೇಳಿತು. ಪೂರ್ತಿ ಸ್ತನ ತೆಗೆದವರಿಗೂ, ಕಂಕುಳಿನ ಗಂಟಲ್ಲಿ ಕಾಯಿಲೆ ಸಿಕ್ಕಿದ್ದರೆ, ರೇಡಿಯೇಶನ್ನಿಂದ ಸಾವು ಕಡಿಮೆ ಆಗ್ತದೆ ಅಂತ 2014ರಲ್ಲಿ 8 ಸಾವಿರಕ್ಕೂ ಹೆಚ್ಚು ಹೆಂಗಸರ ಮಾಹಿತಿ ಒಟ್ಟು ಮಾಡಿ ತೋರಿಸಿದ್ದಾರೆ. ಅಂದ್ರೆ "ಆಪರೇಶನ್ ಆಯ್ತಲ್ಲ, ಇನ್ನು ಕರೆಂಟ್ ಯಾಕೆ" ಅಂತ ಬಿಟ್ಟುಬಿಟ್ಟರೆ ಜೀವಕ್ಕೇ ಅಪಾಯ.

ಈಗ ದಾರಿಯ ಲೆಕ್ಕ. ನಮ್ಮ ಮೂರು ತಾಲೂಕಿನ ಬಡವರಿಗೆ ಕರೆಂಟ್ ಅಂದ್ರೆ ಮಂಗಳೂರು, ಇಲ್ಲಾಂದ್ರೆ ದೇರಳಕಟ್ಟೆ. ಪುತ್ತೂರಿನಿಂದ 50 ಕಿಲೋಮೀಟರ್ ಹತ್ತಿರ, ಸುಳ್ಯದಿಂದ 85ರಷ್ಟು. ರೇಡಿಯೇಶನ್ ಒಂದು ದಿನದ ಕೆಲಸ ಅಲ್ಲ. ಹಳೆಯ ಪದ್ಧತಿಯಲ್ಲಿ 5 ವಾರ, ವಾರಕ್ಕೆ 5 ದಿನ, ಒಟ್ಟು 25 ಸಿಟ್ಟಿಂಗ್. ಸುಳ್ಯದಿಂದ ದಿನಾ ಹೋಗಿ ಬಂದ್ರೆ 4,250 ಕಿಲೋಮೀಟರ್. ಶ್ರೀನಗರದಿಂದ ಕನ್ಯಾಕುಮಾರಿಗೆ ರಸ್ತೆಯಲ್ಲಿ ಹೋದ್ರೂ ಅಷ್ಟಾಗುದಿಲ್ಲ. ಅದು ಪೇಟೆಯಿಂದ ಲೆಕ್ಕ. ಕೊಲ್ಲಮೊಗ್ರದಿಂದಲೋ, ಮಡಪ್ಪಾಡಿಯಿಂದಲೋ, ಶಿರಾಡಿಯ ಗುಡ್ಡೆಯಿಂದಲೋ ಹೊರಡುವವರಿಗೆ ಇನ್ನೂ ಜಾಸ್ತಿ. ಮೆಷಿನ್ ಕೆಳಗೆ ಮಲಗುವುದು ಹತ್ತು ಹದಿನೈದು ನಿಮಿಷ, ದಾರಿ ಇಡೀ ದಿನ.

"ಶಕ್ತಿ ಯೋಜನೆ ಉಂಟಲ್ಲ" ಅಂತ ಕೇಳ್ತೀರಿ. ಉಂಟು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಅದರಿಂದ ನಮ್ಮವರಿಗೆ ನಿಜವಾಗ್ಲೂ ಉಪಕಾರ ಆಗಿದೆ. ಆದ್ರೆ ಕಾಲೊನಿಯಿಂದ ಮೇನ್ ರೋಡಿಗೆ ಬರುವ ಜೀಪು, ಆಟೋ ಫ್ರೀ ಅಲ್ಲ. ಮಂಗಳೂರಲ್ಲಿ ಇಳಿದ ಮೇಲೆ ಹತ್ತುವ ಸಿಟಿ ಬಸ್ಸುಗಳು ಹೆಚ್ಚಿನವು ಖಾಸಗಿ, ಅಲ್ಲಿ ಶಕ್ತಿ ನಡೆಯುದಿಲ್ಲ. ಜೊತೆಗೆ ಬರುವ ಗಂಡನಿಗೆ, ಮಗನಿಗೆ ಟಿಕೆಟ್ ಬೇಕು. ಅವನ ಅಡಿಕೆ ತೋಟದ ಕೂಲಿ ಹೋಯ್ತು, ಅವಳ ಬೀಡಿ ಕಟ್ಟುವುದು ನಿಂತಿತು. ಎರಡು ಕೂಲಿ ಇಲ್ಲದೆ ಐದು ವಾರ ಯಾವ ಕಾಲೊನಿಯ ಮನೆ ನಡೀತದೆ? ಹಿಂದೆ ಬೀಡಿ ಮೇಲೆ ಕಾರ್ಮಿಕರ ಕಲ್ಯಾಣಕ್ಕೆ ಅಂತ ಒಂದು ಸೆಸ್ ಇತ್ತು. 2017ರಲ್ಲಿ ಜಿಎಸ್‌ಟಿ ಬರುವಾಗ ಅದನ್ನೂ ತೆಗೆದರು.

ಕಾರ್ಡ್ ಬಗ್ಗೆಯೂ ಹೇಳ್ತೇನೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು, ರೇಡಿಯೇಶನ್ ಕೂಡ ಅದರಲ್ಲಿ ಬರ್ತದೆ. ಆದ್ರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅನುಮತಿ ಬರಬೇಕು. ಚೀಟಿಯಲ್ಲಿ ಒಂದು ಅಕ್ಷರ ತಪ್ಪಿದ್ರೆ ಪುನಃ ಊರಿಗೆ. ರೇಷನ್ ಕಾರ್ಡಲ್ಲಿ ಒಂದು ಹೆಸರು, ಆಧಾರಲ್ಲಿ ಇನ್ನೊಂದು ಇದ್ರೆ ಮುಗಿಯಿತು. ಆಪರೇಶನ್ ಆಗಿ ತಿಂಗಳು ಕಳೆದ ಹಾಗೆ ರೇಡಿಯೇಶನ್ನಿನ ಉಪಯೋಗ ಕಡಿಮೆ ಆಗ್ತಾ ಹೋಗ್ತದೆ. ನಡುವೆ ನಿಲ್ಲಿಸಿದ್ರೂ ಹಾಗೆಯೇ.

ಹಾಗಾದ್ರೆ ಎಂತ ಮಾಡುವುದು? ಮೊದಲನೆಯದು, ಕೇಳುವುದು. 25 ಸಿಟ್ಟಿಂಗಿನ ಬದಲು 15 ಸಿಟ್ಟಿಂಗ್, ಅಂದ್ರೆ 3 ವಾರದಲ್ಲಿ ಮುಗಿಸುವ ಪದ್ಧತಿ ಉಂಟು. ಬ್ರಿಟನ್ನಿನಲ್ಲಿ ಸಾವಿರಾರು ಹೆಂಗಸರ ಮೇಲೆ ನಡೆದ ಪ್ರಯೋಗದ 10 ವರ್ಷದ ಫಲಿತಾಂಶ 2013ರಲ್ಲಿ ಬಂತು, 3 ವಾರದ್ದು 5 ವಾರದ್ದಕ್ಕಿಂತ ಕಡಿಮೆ ಏನಲ್ಲ ಅಂತ. ಬೇಗ ಪತ್ತೆಯಾದ ಕೆಲವರಿಗೆ 1 ವಾರದಲ್ಲಿ 5 ಸಿಟ್ಟಿಂಗ್ ಸಾಕು ಅಂತ 2020ರಲ್ಲಿ ಇನ್ನೊಂದು ಪ್ರಯೋಗ ತೋರಿಸಿತು. ಎಲ್ಲರಿಗೂ ಇದು ಹೊಂದುದಿಲ್ಲ, ತೀರ್ಮಾನ ಡಾಕ್ಟ್ರದ್ದೇ. ಆದ್ರೆ "ಡಾಕ್ಟ್ರೇ, ನಾವು ಸುಳ್ಯದಿಂದ ಬರುದು, ಮೂರು ವಾರದ್ದು ನಮಗೆ ಆಗ್ತದಾ?" ಅಂತ ಕೇಳುವ ಹಕ್ಕು ನಮಗುಂಟು. ತೋಟದ ಧಣಿ ಮುಂದೆ ತಲೆ ಬಗ್ಗಿಸಿ ನಿಂತ ಅಭ್ಯಾಸ ಆಸ್ಪತ್ರೆಯ ಒಳಗೂ ನಮ್ಮನ್ನು ಬಿಡುದಿಲ್ಲ. ಪ್ರಶ್ನೆ ಕೇಳಿದ್ರೆ ಬೈತಾರೆ ಅನ್ನುವ ಹೆದರಿಕೆಗೆ ಹತ್ತು ಬಸ್ ಪ್ರಯಾಣದ ಬೆಲೆ ಕೊಡ್ತಿದ್ದೇವೆ.

ದೂರಕ್ಕೆ ಹರಡಿದವರ ವಿಷಯ ಬೇರೆ, ಅದನ್ನೂ ನೇರ ಹೇಳಬೇಕು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, ಪತ್ತೆಯಾಗುವಾಗಲೇ ದೂರಕ್ಕೆ ಹರಡಿದ್ದ 350 ಹೆಂಗಸರಲ್ಲಿ ಒಂದು ಅಧ್ಯಯನ ಮಾಡಿದರು. ಅರ್ಧದಷ್ಟು ಜನರಿಗೆ ಸ್ತನದ ಆಪರೇಶನ್, ರೇಡಿಯೇಶನ್ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. 2015ರಲ್ಲಿ ಫಲಿತಾಂಶ ಬಂತು: ಕೊಟ್ಟವರು ಹೆಚ್ಚು ಕಾಲ ಬದುಕಲಿಲ್ಲ. ಅಂಥವರಿಗೆ ಮುಖ್ಯ ಚಿಕಿತ್ಸೆ ಔಷಧಿ. ಹಾಗಾಗಿ ನಾಲ್ಕನೇ ಹಂತ ಅಂದ ಮೇಲೂ ಯಾರಾದ್ರೂ ದೊಡ್ಡ ಆಪರೇಶನ್, ಐದು ವಾರದ ಕರೆಂಟ್ ಅಂದ್ರೆ, ಇರುವ ತುಂಡು ಜಾಗ, ಕಿವಿಯ ಬೆಂಡೋಲೆ ಅಡವಿಡುವ ಮೊದಲು "ಇದರಿಂದ ಎಂತ ಉಪಯೋಗ?" ಅಂತ ಕೇಳಿ, ಇನ್ನೊಬ್ಬ ಡಾಕ್ಟ್ರ ಅಭಿಪ್ರಾಯ ತಗೊಳ್ಳಿ.

ಆದ್ರೆ ಇದರ ಅರ್ಥ ನಾಲ್ಕನೇ ಹಂತದವರಿಗೆ ರೇಡಿಯೇಶನ್ ಬೇಡ ಅಂತ ಅಲ್ಲ. ಎಲುಬಿಗೆ ಹರಡಿ ರಾತ್ರಿ ಇಡೀ ನರಳುವವರಿಗೆ ಎಷ್ಟೋ ಸಲ ಒಂದೇ ಒಂದು ಸಿಟ್ಟಿಂಗ್ ನೋವು ಇಳಿಸ್ತದೆ. ಸ್ತನದ ಗಾಯ ಒಡೆದು ರಕ್ತ, ವಾಸನೆ ಬರುವವರಿಗೂ ಅದರಿಂದ ಸಮಾಧಾನ ಸಿಕ್ತದೆ. ಒಂದು ಸಲದ ಪ್ರಯಾಣ! ನಮ್ಮ ಎಷ್ಟು ಮಂದಿ ಅಮ್ಮಂದಿರು ಇದು ಗೊತ್ತಿಲ್ಲದೆ ಚಾಪೆಯಲ್ಲಿ ನರಳಿ ಹೋಗಿದ್ದಾರೆ? ಗುಣ ಆಗುದಿಲ್ಲ ಅಂದ ಮಾತ್ರಕ್ಕೆ ನೋವಿಗೂ ಮದ್ದಿಲ್ಲ ಅಂತ ಅಲ್ಲ. ನೋವಿಲ್ಲದೆ ಸಾಯುವುದೂ ಘನತೆಯ ಪ್ರಶ್ನೆ.

ಇನ್ನೊಂದು ಮಾತು. ಕರೆಂಟ್ ಕೊಟ್ಟವರನ್ನು ಮುಟ್ಟಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಪ್ರತ್ಯೇಕ ಬಟ್ಟಲು ಇಡಬೇಕು ಅನ್ನುವ ಮಾತು ನಮ್ಮ ಕಾಲೊನಿಗಳಲ್ಲೂ ಉಂಟು. ಹೊರಗಿನಿಂದ ಮೆಷಿನಲ್ಲಿ ಕೊಡುವ ಕಿರಣ ಮೈಯಲ್ಲಿ ಉಳಿಯುದಿಲ್ಲ. ಮೆಷಿನ್ ಆಫ್ ಆದ ಕೂಡ್ಲೆ ಮುಗಿಯಿತು. ಕ್ಯಾನ್ಸರ್ ಅಂಟುವ ರೋಗ ಅಲ್ಲವೇ ಅಲ್ಲ. ಚರ್ಮ ಕಪ್ಪಾಗ್ತದೆ, ಸುಸ್ತು ಆಗ್ತದೆ, ಅಷ್ಟೇ ಕಾಣುವುದು ಹೆಚ್ಚಿನವರಿಗೆ. ಹೋಟೆಲಲ್ಲಿ ಬೇರೆ ಗ್ಲಾಸು ಇಟ್ಟಾಗ ಸಿಟ್ಟು ಬಂದ ನಾವು, ನಮ್ಮ ಮನೆಯೊಳಗೆ ಅಕ್ಕನಿಗೆ ಬೇರೆ ಗ್ಲಾಸು ಇಡುವುದು ನಾಚಿಕೆ ಅಲ್ವಾ?

ಈಗ ಸರ್ಕಾರಕ್ಕೆ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ಅಭಿವೃದ್ಧಿ ಹಣದ ಶೇ. 24.1 ನಮ್ಮದು. 2023-24ರಲ್ಲಿ ಅದರಲ್ಲಿ ಸುಮಾರು 11 ಸಾವಿರ ಕೋಟಿಯನ್ನು ಗ್ಯಾರಂಟಿಗಳಿಗೆ ತಿರುಗಿಸಿದರು, ಶಕ್ತಿ ಯೋಜನೆಗೂ ಸೇರಿ. ನಮ್ಮ ಹಣದಲ್ಲಿ ಓಡುವ ಬಸ್ಸು ನಮ್ಮ ರೋಗಿಯನ್ನು ಮೆಷಿನ್ ತನಕ ಮುಟ್ಟಿಸಬೇಕು, ಜೊತೆಗೆ ಒಬ್ಬರನ್ನೂ ಕೂರಿಸಬೇಕು. ಇದು ಭಿಕ್ಷೆ ಅಲ್ಲ.

ಎರಡನೇ ಬೇಡಿಕೆ, ಮಂಗಳೂರಲ್ಲಿ ರೋಗಿಗೂ ಜೊತೆಗಾರರಿಗೂ ಉಳಿಯಲಿಕ್ಕೆ ಸರ್ಕಾರಿ ತಂಗುಮನೆ, ಊಟ ಸಮೇತ. 1897ರಲ್ಲೇ ಕುದ್ಮುಲ್ ರಂಗರಾಯರು ನಮ್ಮವರಿಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಊರು ಅದು. ಮೂರು ವಾರ ತಲೆ ಇಡ್ಲಿಕ್ಕೆ ನಾಲ್ಕು ಕೋಣೆ ಈಗ ಆಗುದಿಲ್ವಾ?

ಮೂರನೆಯದು ಪುತ್ತೂರಿನ ಸರ್ಕಾರಿ ಮೆಡಿಕಲ್ ಕಾಲೇಜು. 2025ರ ಬಜೆಟಲ್ಲಿ ಘೋಷಣೆ ಆಗಿದೆ. ರೇಡಿಯೇಶನ್ ಮೆಷಿನಿಗೆ ದಪ್ಪ ಕಾಂಕ್ರೀಟ್ ಗೋಡೆಯ ಬಂಕರ್ ಬೇಕು, ಅಣುಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಕಟ್ಟಡ ಎದ್ದ ಮೇಲೆ ಸೇರಿಸುವುದು ಕಷ್ಟ, ನಕ್ಷೆಯಲ್ಲೇ ಇರಬೇಕು. "ಅಷ್ಟು ಕೋಟಿಯ ಮೆಷಿನ್ ಇಲ್ಲಿ ಯಾಕೆ" ಅನ್ನುವವರು ಇರ್ತಾರೆ. ಡಯಾಲಿಸಿಸಿಗೂ ಒಂದು ಕಾಲದಲ್ಲಿ ಹಾಗೆಯೇ ಅಂದಿದ್ದರು. ಈಗ ಅದು ತಾಲೂಕು ಆಸ್ಪತ್ರೆಯಲ್ಲಿ ಉಂಟು. ಸುಳ್ಯ ನಮಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಮೀಸಲು ಸೀಟಲ್ಲಿ ಗೆದ್ದವರು ಯಾವ ಪಕ್ಷದವರೇ ಇರಲಿ, ಸದನದಲ್ಲಿ ಇದನ್ನು ಕೇಳಿದ್ದೀರಾ ಅಂತ ನಾವು ಕೇಳಬೇಕು.

ಅಲ್ಲಿಯವರೆಗೆ ನಾವು ಮಾಡ್ಲಿಕ್ಕೆ ಆಗುವುದು ಉಂಟು. ಗ್ರಾಮ ಪಂಚಾಯತಿನ ಸ್ವಂತ ನಿಧಿಯ ಶೇ. 25 ಎಸ್‌ಸಿ-ಎಸ್‌ಟಿಗೆ ಮೀಸಲು, ಅದರಲ್ಲಿ ಚಿಕಿತ್ಸೆಗೂ ಸಹಾಯ ಕೊಡಬಹುದು. ಅರ್ಜಿ ಬರೆದು ಪಿಡಿಒ ಕೈಗೆ ಕೊಡಿ, ಸ್ವೀಕೃತಿ ತಗೊಳ್ಳಿ, ಗ್ರಾಮಸಭೆಯಲ್ಲಿ ಎದ್ದು ಕೇಳಿ. ರೈಲಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗಾರರಿಗೂ ರಿಯಾಯಿತಿ ಉಂಟು, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಹತ್ತಿರದವರು ಉಪಯೋಗಿಸಿ. ಆಪರೇಶನ್ ಆದವರ ಮನೆಗೆ ಸಂಘಟನೆಯ ಒಬ್ಬ ಹುಡುಗಿ, ಒಬ್ಬ ಹುಡುಗ ಹೋಗಿ ಮೂರು ವಿಷಯ ನೋಡಿ: ರೆಫರಲ್ ಚೀಟಿ ಆಗಿದೆಯಾ, ಎಷ್ಟು ಸಿಟ್ಟಿಂಗ್ ಹೇಳಿದ್ದಾರೆ, ಜೊತೆಗೆ ಹೋಗುವವರು ಯಾರು. ಜೊತೆಗೆ ಹೋಗುವವರು ಇಲ್ಲಾಂದ್ರೆ ಸರದಿ ಹಾಕಿ ನಾವೇ ಹೋಗುವ. ಧರಣಿಗೆ ಜನ ಸೇರಿಸ್ಲಿಕ್ಕೆ ಗೊತ್ತಿರುವ ನಮಗೆ ಹದಿನೈದು ದಿನ ಒಬ್ಬ ಅಕ್ಕನ ಪಕ್ಕ ಬಸ್ಸಲ್ಲಿ ಕೂರ್ಲಿಕ್ಕೆ ಹದಿನೈದು ಜನ ಸಿಗುದಿಲ್ವಾ?

ನಿಮ್ಮ ಕಾಲೊನಿಯಲ್ಲಿ ಯಾರಾದ್ರೂ ಅರ್ಧಕ್ಕೆ ನಿಲ್ಲಿಸಿದ್ದರೆ ಹೆಸರು ಇಲ್ಲಿ ಹಾಕಬೇಡಿ, ಇನ್‌ಬಾಕ್ಸಿಗೆ ಬನ್ನಿ. ಈ ವಾರವೇ ಶುರು ಮಾಡುವ.

ಜೈ ಭೀಮ್.