ಹೊಟ್ಟೆಯುಬ್ಬರವೆಂದು ಉದಾಸೀನ ಬೇಡ

ಕೊಳೆರೋಗದ ವಿಷಯದಲ್ಲಿ ನಮ್ಮ ಬೆಳೆಗಾರರಿಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಕಾಯಿ ಉದುರಲೆಂದು ಕಾಯುವುದಿಲ್ಲ. ಆದರೆ ಮನೆಯ ಹೆಂಗಸರ ಆರೋಗ್ಯದ ಮಾತು ಬಂದಾಗ ಮಾತ್ರ, 'ಕೊನೆಕೊಯ್ಲು ಮುಗಿಯಲಿ, ಅಡಿಕೆ ಸುಲಿದಾಗಲಿ, ಆಮೇಲೆ ನೋಡೋಣ' ಎನ್ನುತ್ತೇವೆ. ಅಂಡಾಶಯದ ಕ್ಯಾನ್ಸರ್ ಬೆಳೆಯುವುದು ಈ 'ಆಮೇಲೆ'ಯಲ್ಲಿಯೇ.

ಅಂಡಾಶಯಗಳು ಕಿಬ್ಬೊಟ್ಟೆಯ ಆಳದಲ್ಲಿವೆ. ಗಡ್ಡೆ ಹುಟ್ಟಿದರೆ ಕೈಗೆ ಸಿಗದು. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಲಕ್ಷಣಗಳು. ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಸುಮ್ಮನಾಗುವವರೇ ಹೆಚ್ಚು. ಮೊದಲ ಹಂತದಲ್ಲೇ ಸಿಕ್ಕರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ 5 ವರ್ಷ ದಾಟಿ ಬದುಕುತ್ತಾರೆ. ಆದರೆ ಬಹುಪಾಲು ಪ್ರಕರಣಗಳು ಗೊತ್ತಾಗುವುದು ರೋಗ ಹೊಟ್ಟೆಯಲ್ಲೆಲ್ಲ ಹರಡಿದ ಮೇಲೆ.

ವರ್ಷಕ್ಕೊಮ್ಮೆ ಎಲ್ಲರಿಗೂ ಪರೀಕ್ಷೆ ಮಾಡಿಸಿದರಾಯಿತಲ್ಲ ಎಂದು ಕೇಳಬಹುದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು: ಲಕ್ಷಣವಿಲ್ಲದವರಿಗೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿದ್ದರಿಂದ ಈ ರೋಗದ ಸಾವು ಕಡಿಮೆಯಾಗಲಿಲ್ಲ. ಗರ್ಭಕಂಠಕ್ಕೆ ಮಾಡುವ ಪ್ಯಾಪ್ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ. ಆದ್ದರಿಂದ ಲಕ್ಷಣಗಳ ಮೇಲೆ ಕಣ್ಣಿಡುವುದೊಂದೇ ಸಾಮಾನ್ಯರ ಕೈಯಲ್ಲಿರುವ ಉಪಾಯ.

ಮಲ್ಲಾಪುರದ ಕಡೆ ಕ್ಯಾನ್ಸರ್ ಎಂದೊಡನೆ ಮಾತು ಕೈಗಾ ಸ್ಥಾವರದತ್ತ ಹೊರಳುತ್ತದೆ. ಆ ಚರ್ಚೆ ನಡೆಯಲಿ. ಅದರ ಉತ್ತರ ಏನೇ ಬರಲಿ, ಈ ಕಾಯಿಲೆಯ ಮೊದಲ ಸುಳಿವು ಸಿಗುವುದು ನಮ್ಮ ನಮ್ಮ ಅಡಿಗೆಮನೆಯಲ್ಲಿ. ತಾಯಿಯೋ ಹೆಂಡತಿಯೋ ಅರ್ಧ ಊಟಕ್ಕೇ ಎದ್ದರೆ, ಸೀರೆಯ ಗಂಟು ಬಿಗಿಯಾಗುತ್ತಿದೆ ಎಂದರೆ, ಕಿವಿಗೊಡೋಣ.

ಹೊಸದಾಗಿ ಕಾಣಿಸಿಕೊಂಡ ಇಂಥ ತೊಂದರೆ ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡಿದರೆ, ಅದರಲ್ಲೂ 50 ದಾಟಿದವರಾದರೆ, ವೈದ್ಯರಲ್ಲಿ ಹೋಗಿ 'ಅಂಡಾಶಯವನ್ನೂ ನೋಡಿ' ಎಂದು ಬಾಯಿಬಿಟ್ಟು ಕೇಳಬೇಕು. ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇವೆ.

ಉಬ್ಬರವೆಲ್ಲ ಕ್ಯಾನ್ಸರ್ ಅಲ್ಲ; ಹೆಚ್ಚಿನ ಸಲ ಬೇರೇನೋ ಆಗಿರುತ್ತದೆ. ಹಾಗೆಂದು ತಿಳಿದರೆ ನೆಮ್ಮದಿ. ಅದನ್ನು ತಿಳಿಯಲು ಒಂದು ದಿನದ ಕೆಲಸ ಕೆಟ್ಟರೆ ಕೆಡಲಿ. ಅಡಿಕೆ ನಾಳೆ ಸುಲಿದರೂ ಆದೀತು.