ಶಿಲ್ಕು ಕಡಿಮೆ ಬಂದರೆ ವಜಾ: ಸಹಕಾರ ಸಂಘಗಳ ನಿಬಂಧಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಸಹಕಾರ ಸಂಘಗಳ ನಿಬಂಧಕರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ನಗದು ಕೊರತೆಯ ಅನುಮಾನದ ಮೇಲೆ ವಿಚಾರಣೆಯಿಲ್ಲದೆ ಸಂಘದ ವ್ಯವಸ್ಥಾಪಕರನ್ನು ವಜಾ ಮಾಡುವುದು.



ನಗದು ಪುಸ್ತಕದ ಆಖೈರು ಶಿಲ್ಕಿಗಿಂತ ತಿಜೋರಿಯಲ್ಲಿ ಎಣಿಸಿದ ಹಣ ಕಡಿಮೆ ಬಂದರೆ ಅದು ನಗದು ಕೊರತೆ. ಕೊರತೆ ಎಷ್ಟು ಎಂಬುದು ಲೆಕ್ಕದಿಂದ ಗೊತ್ತಾಗುತ್ತದೆ. ಹಣವನ್ನು ಯಾರಾದರೂ ತೆಗೆದರೇ, ತೆಗೆದಿದ್ದರೆ ಯಾರು ಎಂಬುದು ಸಾಕ್ಷ್ಯದಿಂದ ಮಾತ್ರ ಗೊತ್ತಾಗುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿದು, ಆಡಳಿತ ಮಂಡಳಿ ಒಂದು ಸಂಜೆ ಸಭೆ ಸೇರಿ ನಡಾವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು ವ್ಯವಸ್ಥಾಪಕರನ್ನು ಮನೆಗೆ ಕಳಿಸಿದರೆ ಆ ವಜಾ ಕಾನೂನಿನ ಮುಂದೆ ನಿಲ್ಲುವುದಿಲ್ಲ.

ಹಳ್ಳಿಯ ಸೊಸೈಟಿಯಲ್ಲಿ ಕೊರತೆ ಹುಟ್ಟುವ ದಾರಿಗಳು ಹಲವು. ಉದಾಹರಣೆಗೆ, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿ ಕಬ್ಬಿನ ಸೀಮೆ; ಸಕ್ಕರೆ ಕಾರ್ಖಾನೆಯೂ ಅಲ್ಲಿದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ರೈತನಿಗೆ ಹಣ ಸೇರಬೇಕು. ಬಿಲ್ಲು ತಡವಾದರೆ ಸೊಸೈಟಿಯ ಬೆಳೆಸಾಲ ಕಟ್ಟುವುದೂ ತಡವಾಗುತ್ತದೆ. ಗಡುವು ದಾಟಿದರೆ ಶೂನ್ಯ ಬಡ್ಡಿಯ ಅನುಕೂಲ ಕೈತಪ್ಪುತ್ತದೆ. ಆಗ ಹಣ ಬರುವ ಮೊದಲೇ ರಸೀದಿ ಹರಿದು, ಹಳೆಯ ಸಾಲ ತೀರಿತು, ಹೊಸದು ಮಂಜೂರಾಯಿತು ಎಂದು ಬರೆಯುವುದುಂಟು. ಇದಕ್ಕೆ ‘ಬುಕ್ ಅಡ್ಜಸ್ಟ್‌ಮೆಂಟ್’ ಎನ್ನುತ್ತಾರೆ. ಅದು ತಪ್ಪೇ. ಆದರೆ ಬಹಳ ಸಲ ನಿರ್ದೇಶಕರಿಗೂ ತಿಳಿದೇ ನಡೆಯುವ ತಪ್ಪು. ಗೊಬ್ಬರವನ್ನು ಚೀಟಿ ಬರೆದು ಉದ್ರಿ ಕೊಟ್ಟಿರುತ್ತಾರೆ. ನ್ಯಾಯಬೆಲೆ ಅಂಗಡಿಯ ವಸೂಲಿ ಮಾರನೆಯ ದಿನ ಜಮೆಯಾಗುತ್ತದೆ. ತಿಜೋರಿಯ ಕೀಲಿ ಇಬ್ಬರು ಮೂವರ ಕೈ ದಾಟುತ್ತದೆ. ಇವನ್ನೆಲ್ಲ ಬಿಡಿಸಿ ನೋಡದೆ, ಪುಸ್ತಕಕ್ಕೆ ಸಹಿ ಹಾಕಿದವರೇ ಕಳ್ಳರು ಎನ್ನಲಾಗದು. ನಿಜವಾಗಿ ಹಣ ನುಂಗಿದವರೂ ಇದ್ದಾರೆ. ಅದು ರೈತರ ಠೇವಣಿ, ನುಂಗಿದವರಿಗೆ ರಿಯಾಯಿತಿ ಬೇಕಿಲ್ಲ. ಆದರೆ ತರಾತುರಿಯ ವಜಾದಿಂದ ಅಂಥವರಿಗೇ ಲಾಭ, ಏಕೆಂದರೆ ವಿಚಾರಣೆ ನಡೆಸದ ಒಂದೇ ಕಾರಣಕ್ಕೆ ಆದೇಶ ಬಿದ್ದುಹೋಗುತ್ತದೆ.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಕೊರತೆಯನ್ನು ಶೋಧಿಸುವ ಸಾಧನಗಳಿವೆ. 63ನೇ ಪ್ರಕರಣದಲ್ಲಿ ಲೆಕ್ಕಪರಿಶೋಧನೆ, 64ರಲ್ಲಿ ವಿಚಾರಣೆ, 65ರಲ್ಲಿ ತಪಾಸಣೆ. ನಷ್ಟ ಮಾಡಿದವರಿಂದ ವಸೂಲಿಗೆ 69. ಶಿಸ್ತುಕ್ರಮದ ದಾರಿ ಬೇರೆ. ಆರೋಪಪಟ್ಟಿ ಕೊಡಬೇಕು, ಉತ್ತರ ಕೇಳಬೇಕು, ದಾಖಲೆ ನೋಡಲು ಬಿಡಬೇಕು, ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸಲು ಅವಕಾಶವಿರಬೇಕು. ವಿಚಾರಣಾ ವರದಿಯ ಪ್ರತಿಯನ್ನು ನೌಕರನಿಗೆ ಕೊಟ್ಟು ಅವನ ಮಾತು ಕೇಳಿದ ಮೇಲೆಯೇ ಶಿಕ್ಷೆಯ ತೀರ್ಮಾನ ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿದೆ. ಕಾಗದಗಳನ್ನು ಮೇಜಿನ ಮೇಲಿಟ್ಟರೆ ಸಾಲದು, ಸಾಕ್ಷಿಯ ಮೂಲಕ ಅವು ರುಜುವಾತಾಗಬೇಕು ಎಂದು 2008ರಲ್ಲಿ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಹೇಳಿದೆ.

ಇದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ನಿದರ್ಶನ ಕೋಲಾರದ ಚಿನ್ನದ ಗಣಿಯದು. 1985ರ ಜೂನ್ 2ರಂದು ಭಾರತ್ ಗೋಲ್ಡ್ ಮೈನ್ಸ್‌ನ ಭದ್ರತಾ ಅಧಿಕಾರಿಯೊಬ್ಬರ ಮನೆಯ ಮೇಲೆ ಪೊಲೀಸ್ ದಾಳಿ ನಡೆಯಿತು. 4.5 ಗ್ರಾಂ ತೂಕದ ಚಿನ್ನದ ಉಂಡೆ, ಚಿನ್ನದ ಅಂಶವಿರುವ 1,276 ಗ್ರಾಂ ಮರಳು ಸಿಕ್ಕಿತೆಂಬುದು ಆರೋಪ. ಅಮಾನತಾದ ಅವರಿಗೆ ಜೀವನಾಧಾರ ಭತ್ಯೆ ಕೊಡಲಿಲ್ಲ. ಕೇರಳದ ಊರಿಂದ ವಿಚಾರಣೆಗೆ ಬರಲು ಕೈಯಲ್ಲಿ ಕಾಸಿರಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿದು 1986ರಲ್ಲಿ ವಜಾ ಆಯಿತು. 1987ರಲ್ಲಿ ಕ್ರಿಮಿನಲ್ ನ್ಯಾಯಾಲಯ ದಾಳಿಯೇ ಸಾಬೀತಾಗಿಲ್ಲ ಎಂದು ಅವರನ್ನು ಬಿಡುಗಡೆ ಮಾಡಿತು. ಆದರೂ ಕೆಲಸ ಮರಳಿ ಸಿಗಲು 1999ರ ಸುಪ್ರೀಂ ಕೋರ್ಟ್ ತೀರ್ಪಿನವರೆಗೆ ಕಾಯಬೇಕಾಯಿತು. ಸಂಸ್ಥೆ ಅಮಾನತಿನ ದಿನದಿಂದ ಪೂರ್ತಿ ಸಂಬಳ ತೆರಬೇಕಾಯಿತು. ಹದಿಮೂರು ವರ್ಷಗಳಿಗೂ ಮೀರಿ ಒಬ್ಬ ಮನುಷ್ಯ ಕಳ್ಳನೆನಿಸಿಕೊಂಡು ಬದುಕಿದ್ದಕ್ಕೆ ಬೆಲೆ ಕಟ್ಟಿದವರಿಲ್ಲ.

ವ್ಯವಸ್ಥಾಪಕರಿಗೆ ಇನ್ನೊಂದು ತೊಡಕು. ಮುಖ್ಯವಾಗಿ ವ್ಯವಸ್ಥಾಪನೆಯ ಕೆಲಸ ಮಾಡುವವರು ಕಾರ್ಮಿಕ ಕಾನೂನಿನ ‘ಕೆಲಸಗಾರ’ ಎಂಬ ವ್ಯಾಖ್ಯೆಯಿಂದ ಹೊರಗೆ. ಹಾಗಾಗಿ ಅವರಿಗೆ ಆ ಕಾನೂನಿನ ಬಾಗಿಲು ತೆರೆಯುವುದು ಕಷ್ಟ. ಉಳಿಯುವುದು ಸಹಕಾರ ಸಂಘಗಳ ಕಾಯ್ದೆಯ 70ನೇ ಪ್ರಕರಣ. ಸಂಘಕ್ಕೂ ನೌಕರನಿಗೂ ನಡುವಿನ ಶಿಸ್ತುಕ್ರಮದ ವ್ಯಾಜ್ಯ ಅದರಡಿ ನಿಬಂಧಕರ ಮುಂದೆ ಬರುತ್ತದೆ. ಆದ್ದರಿಂದಲೇ ಈ ಪತ್ರ ನಿಬಂಧಕರಿಗೆ.

ಎಲ್ಲ ಸಂಘಗಳಿಗೂ ಒಂದು ಸುತ್ತೋಲೆ ಹೊರಡಬೇಕು: ಕೊರತೆ ಕಂಡ ದಿನವೇ ಸಾಕ್ಷಿಗಳ ಮುಂದೆ ನಗದು ಎಣಿಸಿ ಮಹಜರು ಬರೆಯುವುದು, ಅಗತ್ಯವಿದ್ದರೆ ಭತ್ಯೆ ಸಹಿತ ಅಮಾನತು, ವಿಚಾರಣೆ ಮುಗಿಯದೆ ವಜಾ ಇಲ್ಲ. 70ನೇ ಪ್ರಕರಣದ ಅರ್ಜಿಗಳಿಗೆ ಗೊತ್ತಾದ ಅವಧಿ ಬೇಕು. ಕೊಪ್ಪವೂ ಸೇರಿ ಮಂಡ್ಯ ಜಿಲ್ಲೆಯ ಸಂಘಗಳಲ್ಲಿ ವಿಚಾರಣೆಯಿಲ್ಲದೆ ವಜಾ ಆದವರ ಕಡತಗಳಿದ್ದರೆ ಅವನ್ನು ಮೊದಲು ತರಿಸಿ ನೋಡಬೇಕೆಂದು ವಿನಂತಿ.